ಗೇಟಿನ ಹೊರಗೆ ಕೂತ ಮೇಷ್ಟ್ರು

ಆಗೆಲ್ಲ ನಮ್ಮ ಸಂಸೆ ಕಡೆ ಕಾಫಿ ಹಣ್ಣು ಕೆಂಪಾಯಿತೆಂದರೆ ಎಸ್ಟೇಟಿನ ಶಾಲೆ ಖಾಲಿ. ರಜೆಯಲ್ಲ. ಮೇಸ್ತ್ರಿ ಬಂದು ಬಾಗಿಲಲ್ಲಿ ಕೆಮ್ಮಿದರೆ ನಾವು ಸ್ಲೇಟು ಇಟ್ಟು ಏಳಬೇಕು. ಹಣ್ಣು ಕುಯ್ಯುವುದು ಅಮ್ಮಂದಿರ ಕೆಲಸ. ಗಿಡದ ಬುಡಕ್ಕೆ ನುಗ್ಗಿ ಉದುರಿದ್ದನ್ನು ಹೆಕ್ಕುವುದು ನಮ್ಮದು. ದೊಡ್ಡವರ ಮೈ ಅಲ್ಲಿ ತೂರುವುದಿಲ್ಲವಲ್ಲ. ಇರುವೆ ಕಚ್ಚಿ ಕತ್ತೆಲ್ಲ ದದ್ದು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹುಳಿ ನಾತ ತಲೆಕೂದಲಿಗೂ ಹತ್ತುತ್ತಿತ್ತು. ಮಧ್ಯಾಹ್ನಕ್ಕೆ ತಣ್ಣನೆ ಗಂಜಿ, ಸುಟ್ಟ ಒಣಮೀನು. ಬಾಲ್ಯ ಬಂಗಾರ ಅನ್ನುವವರು ಒಂದು ದಿನ ಆ ಬುಡದಲ್ಲಿ ತೆವಳಿ ನೋಡಲಿ.

ಮೇಷ್ಟ್ರು ಬಯಲುಸೀಮೆಯವರು. ಸಂಬಳ ಕೊಡುತ್ತಿದ್ದದ್ದು ಎಸ್ಟೇಟಿನ ಸಾಹುಕಾರರೇ. ನಾನು ಮೂರನೇ ಕ್ಲಾಸು, ಒತ್ತಕ್ಷರ ಆಗಷ್ಟೇ ಕೈಗೆ ಹತ್ತಿತ್ತು. ಆ ವರ್ಷ ಮೇಸ್ತ್ರಿ ಬಂದಾಗ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

"ಮಕ್ಕಳನ್ನ ಕಳಿಸಲ್ಲ."

"ಎಂಥ ಮಾರಾಯ್ರೆ, ಸಾಹುಕಾರ್ರು ನನ್ನ ಚರ್ಮ ಸುಲೀತಾರೆ."

"ಹೆಕ್ಕೋಕೆ ಅವರ ಮಕ್ಕಳನ್ನೇ ಕಳಿಸಲಿ."

ನಾವು ಹೋ ಎಂದು ನಕ್ಕೆವು. ಸಂಜೆಯೊಳಗೆ ಮೇಷ್ಟ್ರ ಟ್ರಂಕು ಗೇಟಿನಾಚೆ ಬಿದ್ದಿತ್ತು. ಶಾಲೆಗೆ ಬೀಗ.

ಬಸ್ಸು ಹತ್ತಿ ಊರಿಗೆ ಹೋದರು ಅಂದುಕೊಂಡರೆ, ಮಾರನೇ ಬೆಳಿಗ್ಗೆ ಗೇಟಿನ ಹೊರಗೆ ರಸ್ತೆಯಂಚಲ್ಲಿ ಕೂತು ಕರೆದರು. "ಬನ್ನಿ ಮಕ್ಕಳೇ, ಈ ರಸ್ತೆ ಸರ್ಕಾರದ್ದು." ನಾವು ಓಡಿದೆವು. ಹಿಂದೆಯೇ ಅಮ್ಮ ಬಂದಳು, ಉರಿಯುತ್ತಾ.

"ಇವಳು ಹೆಕ್ಕದಿದ್ರೆ ರಾತ್ರಿಗೆ ಗಂಜಿ ನೀವು ಕಾಯಿಸ್ತೀರಾ ಮೇಷ್ಟ್ರೆ?"

"ದಿನವಿಡೀ ನೀವು ಕುಯ್ದರೂ ಈ ಮಗು ದುಡೀದೆ ಗಂಜಿ ಇಲ್ಲ. ತಪ್ಪು ಯಾರದಮ್ಮ?"

ಅಮ್ಮ ಸೆರಗು ಸಿಕ್ಕಿಸಿ ನಮ್ಮ ನಡುವೆಯೇ ಕೂತಳು. ಮಾರನೇ ದಿನ ಉಳಿದ ಹೆಂಗಸರೂ ಬಂದರು. ಕೆಲಸ ನಿಂತಿತು. ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗತೊಡಗಿದ ಮೇಲೆ ಸಾಹುಕಾರರು ಗೇಟಿಗೆ ಇಳಿದು ಬಂದರು. ಕೂಲಿ ಏರಿತು, ಮಕ್ಕಳು ಹೆಕ್ಕುವುದು ನಿಂತಿತು. ಆದರೆ, "ಶಾಲೆ ನನ್ನದು, ಅದರ ಮಾತು ಎತ್ತಬೇಡಿ" ಅಂದರು. ಖುಷಿಯಲ್ಲಿ ಯಾರೂ ಎತ್ತಲಿಲ್ಲ.

ಮೇಷ್ಟ್ರು ಕಳಸದಲ್ಲಿ ಕೋಣೆ ಹಿಡಿದು ಕಾರ್ಮಿಕರ ಸಂಘ ಕಟ್ಟಿದರು. ಜೀಪಿನಲ್ಲಿ ಎಸ್ಟೇಟಿಂದ ಎಸ್ಟೇಟಿಗೆ ಓಡಾಟ. ಜನರ ಬಾಯಲ್ಲಿ ಲೀಡರ್ರು ಆದರು. ನಾನು ಕೂಲಿಗಳ ಲೈನ್ ಮನೆಯಲ್ಲಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಉಳಿದೆ. ಒಮ್ಮೆ ಮೀಟಿಂಗಿಗೆ ಬಂದಾಗ ಅವರನ್ನು ಅಡ್ಡಗಟ್ಟಿ ಕೇಳಿದೆ.

"ಶಾಲೆ ಯಾವಾಗ ತೆಗಿಸ್ತೀರಿ ಮೇಷ್ಟ್ರೆ?"

"ಮುಂದಿನ ಮಾತುಕತೇಲಿ ಕೇಳ್ತೀನಿ ಪುಟ್ಟಿ."

ಕೇಳಿದರೋ ಬಿಟ್ಟರೋ, ಬೀಗ ತುಕ್ಕು ಹಿಡಿಯಿತು. ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಬೀಗ ಹಾಕಿದವನ ಮೇಲಿನ ಸಿಟ್ಟು ಬೇರೆ. ಅದು ನನ್ನ ಜೊತೆಗೇ ಹೋಗುವಂಥದ್ದು.

ಈಗ ಮೇಷ್ಟ್ರು, ಸಾಹುಕಾರರು ಇಬ್ಬರೂ ಇಲ್ಲ. ಆ ಶಾಲೆಗೆ ಬಣ್ಣ ಬಳಿದು ಹೋಂಸ್ಟೇ ಮಾಡಿದ್ದಾರೆ. ಸಂಘದ ಕೋಣೆಯಲ್ಲಿ ಮೊಬೈಲ್ ಅಂಗಡಿ. ಲೈನ್ ಮನೆಗಳಲ್ಲಿ ಅಸ್ಸಾಮಿನವರಿದ್ದಾರೆ, ಅವರ ಮಕ್ಕಳು ಗಿಡದ ಬುಡದಲ್ಲಿ ತೆವಳುತ್ತವೆ. ನಾವು ಗೆದ್ದದ್ದರಲ್ಲಿ ಚೂರೂ ಉಳಿದಿಲ್ಲ. ಮೊನ್ನೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ತಡೆದು ಕೇಳಿದೆ.

"ಈ ಮಕ್ಕಳಿಗೆ ಶಾಲೆ ಇಲ್ವೇನೋ?"

"ಬಿಡಿ ಅಜ್ಜಿ, ಮಳೆ ಹಿಡಿಯೋದ್ರೊಳಗೆ ಹೊರಟುಹೋಗೋ ಜನ."

"ನಿನ್ನ ಮಗಳು ಎಷ್ಟನೇ ಕ್ಲಾಸು?"

"ಮೂರನೇದು. ಇಂಗ್ಲಿಷ್ ಮೀಡಿಯಂ," ಅಂದ. ಮುಖ ಅರಳಿತ್ತು. ನಾನು ಯಾಕೆ ಕೇಳಿದೆ ಅನ್ನುವುದು ಆ ಮುಂಡೇದಕ್ಕೆ ಹೊಳೆಯಲೇ ಇಲ್ಲ.