ಹಗೇವಿಗಿಳಿಯುವ ಆದೆಪ್ಪ ಮತ್ತು ಎರಡು ಓಣಿಯ ಹಗ್ಗ

ನಿಜಾಮರ ಲೆಕ್ಕದ ಫಸಲಿ ೧೩೫೪ (ಕ್ರಿ.ಶ. ೧೯೪೫), ಆಬಾನ್ ತಿಂಗಳ ಹದಿನಾಲ್ಕನೆಯ ದಿನ. ನೆಲದೊಳಗೆ ಮೂವತ್ತಾರು ಚೀಲ ಬಿತ್ತನೆ ಜೋಳವಿದೆ. ಚೀಲಕ್ಕೆ ನೂರು ಸೇರು, ಎಕರೆಗೆ ಮೂರು ಸೇರು. ಒಟ್ಟು ಸಾವಿರದ ಇನ್ನೂರು ಎಕರೆಯ ಹಿಂಗಾರಿ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಈ ಊರಿಗೆ ಬೇರೆ ಬೀಜವಿಲ್ಲ.

ಹೊತ್ತು ಮೂಡುವ ಮುನ್ನವೇ ಆದೆಪ್ಪ ಊರ ಹಗೇವಿನ ಬಾಯಿಯ ಬಳಿ ಕುಳಿತಿದ್ದಾರೆ. ಎರಡಾಳು ಆಳದ ಈ ನೆಲಗಣಜದ ಮುಚ್ಚುಗಲ್ಲನ್ನು ನಿನ್ನೆಯೇ ಸರಿಸಲಾಗಿದೆ. ಒಳಗಿನ ಕೆಟ್ಟ ಗಾಳಿ ಹೊರಹೋಗಬೇಕು. ಆದೆಪ್ಪ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಮೆಲ್ಲನೆ ಇಳಿಬಿಡುತ್ತಾರೆ. ಆರಿದರೆ ಇಳಿಯುವಂತಿಲ್ಲ. ಆರುವುದಿಲ್ಲ.

ಹೆಂಡತಿ ಗದ್ದೆಮ್ಮ ಅವರ ಸೊಂಟಕ್ಕೆ ಹಗ್ಗ ಬಿಗಿಯುತ್ತಾರೆ. “ಹಟ್ಟಿ ಗಣಿಯಾಗ ಇಳದಿದ್ರ ಪಗಾರನಾದ್ರೂ ಕೊಡ್ತಿದ್ರು. ಇಲ್ಲಿ ಎರಡೂ ಪಾರ್ಟಿ ಕೂಡಿ ಬೈತಾರ.”

“ಕೂಡಿ ಬೈದ್ರ ಅದೂ ಚಲೋನ ಬಿಡು.”

ಹಗ್ಗದ ಇನ್ನೊಂದು ತುದಿ ಮೇಲಿನ ಓಣಿಯ ಹಂಪಣ್ಣ ಮತ್ತು ಕೆಳಗಿನ ಓಣಿಯ ಕನಕರಾಯರ ಕೈಯಲ್ಲಿದೆ. ಎರಡು ವರ್ಷಗಳಿಂದ ಇವರಿಬ್ಬರ ನಡುವೆ ಮಾತಿಲ್ಲ.

ಹಗೇವು ನೋಡಿಕೊಳ್ಳುವ ಧಾನ್ಯ ಕಮಿಟಿಗೆ ಮುಖ್ಯಸ್ಥನನ್ನು ಆರಿಸುವಾಗ ಊರು ಒಡೆಯಿತು. ಅಂದಿನಿಂದ ಕಮಿಟಿ ಸೇರಿಲ್ಲ. ಲಿಂಗಸುಗೂರಿನ ಕಚೇರಿಗೆ ಅರ್ಜಿಗಳು ಮಾತ್ರ ಹೋಗುತ್ತಿವೆ. ಎತ್ತು, ಕಣ, ನೀರಿನ ಸರದಿ ಎಲ್ಲವನ್ನೂ ಹಂಚಿಕೊಂಡವರಿಗೆ ಹಗೇವನ್ನು ಹಂಚಲಾಗಲಿಲ್ಲ. ಆದ್ದರಿಂದ ಮುಚ್ಚುಗಲ್ಲಿನ ಅರ್ಧಕ್ಕೆ ಒಂದು ಓಣಿ ಮಣ್ಣು ಮೆತ್ತಿ ಮುದ್ರೆ ಒತ್ತಿತು, ಉಳಿದರ್ಧಕ್ಕೆ ಇನ್ನೊಂದು. ಈ ಮಳೆಗಾಲದಲ್ಲಿ ಎರಡು ಮೆತ್ತಿಗೆಗಳು ಕೂಡುವಲ್ಲಿ ಬಿರುಕು ಬಿಟ್ಟಿತು. ಬೇರೆಯವರ ಮುದ್ರೆ ಮುಟ್ಟಿದರೆ ಮೊಕದ್ದಮೆಯಾದೀತೆಂದು ಯಾರೂ ಅದನ್ನು ಮುಚ್ಚಲಿಲ್ಲ. ನೀರಿಗೆ ಆ ಅಂಜಿಕೆ ಇರಲಿಲ್ಲ.

ಆದೆಪ್ಪರಿಗೆ ಐವತ್ತರ ಆಸುಪಾಸು. ತುರ್ವಿಹಾಳದವರೆಗಿನ ಊರುಗಳಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಹಗೇವು ತೆರೆಯುತ್ತಾರೆ. ಧೂಳಿನಿಂದಾಗಿ ಕೆಮ್ಮು ಹಿಡಿದಿದೆ. ಇಳಿದವನು ಒಳಗಿನಿಂದ ಜೋಳ ತುಂಬುವ ಪುಟ್ಟಿಗಳನ್ನು ಗಟ್ಟಿಯಾಗಿ ಎಣಿಸುತ್ತಿರಬೇಕು. ಮೇಲಿನವರು ಮಾತು ಬಿಟ್ಟು ಕೇಳುತ್ತಿರಬೇಕು. ದನಿ ನಿಂತರೆ ಎಳೆಯಬೇಕು. ಇದೇ ಈ ಕೆಲಸದ ಕಟ್ಟಳೆ. ಅವರ ಅಣ್ಣ ಲಾಲಪ್ಪ ಇಳಿದ ದಿನ ಮೇಲಿದ್ದವರು ಕೂಲಿಯ ಬಗ್ಗೆ ಜಗಳಕ್ಕೆ ಬಿದ್ದಿದ್ದರು. ದನಿ ನಿಂತದ್ದು ಯಾರಿಗೂ ಕೇಳಲಿಲ್ಲ.

ಐದು ದಿನಗಳ ಹಿಂದೆ ಆದೆಪ್ಪ ಊರ ಕಟ್ಟೆಯ ಬಳಿಗೆ ಬಂದರು. ಕಟ್ಟೆಯ ಮೇಲೆ ಕೂರುವ ಹಕ್ಕು ಅವರ ಕೇರಿಗಿಲ್ಲ. ಕೆಳಗೆ ನಿಂತೇ ಹೇಳಿದರು.

“ಮುಚ್ಚುಗಲ್ಲು ಬೆಚ್ಚಗಾಗೇತ್ರಿ. ಒಳಗ ಜ್ವಾಳ ಕಾಯಾಕತ್ತೈತಿ. ಇನ್ನ ಎಂಟು ದಿನ ಬಿಟ್ರ ಬಿತ್ತಾಕಲ್ಲ, ತಿಪ್ಪಿಗೆ ಒಯ್ಯಾಕಷ್ಟ.”

“ತಗಿ ಹಂಗಾರ. ನಮ್ಮ ಓಣಿಯವರು ಹಗ್ಗ ಹಿಡೀತಾರ,” ಎಂದಿತು ಮೇಲಿನ ಓಣಿ.

“ನೀವು ಹಿಡದ್ರ ನಾಳಿಗೆ ಜ್ವಾಳ ಮಸ್ಕಿ ಸಂತಿಯಾಗ ಇರ್ತೈತಿ!” ಎಂದಿತು ಕೆಳಗಿನ ಓಣಿ.

ಆದೆಪ್ಪ ತಮ್ಮ ಷರತ್ತು ಮುಂದಿಟ್ಟರು. “ಒಂದ ಪಾರ್ಟಿ ಹಿಡದ್ರ ನಾ ಸಾಯೂದು ಇನ್ನೊಂದು ಪಾರ್ಟಿಗೆ ಕೇಸು ಆಕ್ಕೈತ್ರಿ. ಓಣಿಗೊಬ್ಬರು ಹಿಡೀರಿ, ಆಗ ನನ್ನ ಸಾಯಾಕ ಯಾರೂ ಬಿಡಂಗಿಲ್ಲ. ಇಲ್ಲಾಂದ್ರ ನೀವ ಇಳೀರಿ.”

ಕೊನೆಗೆ ಹಂಪಣ್ಣ ಎದ್ದರು. “ತನ್ನ ಮಾರ್ಕೊಂಡಾನಲೇ!” ಎಂದು ಅವರ ಓಣಿಯವರೇ ಕೂಗಿದರು. ಎದುರಿನಿಂದ ಕನಕರಾಯ ಎದ್ದಾಗ ಅವರಿಗೂ ಅದೇ ಮಾತು ಸಿಕ್ಕಿತು. ಇಡೀ ಊರಿನಲ್ಲಿ ಎದ್ದವರು ಇಬ್ಬರೇ. ಕೆಲಸಕ್ಕೆ ಬೇಕಾದವರೂ ಇಬ್ಬರೇ.

ಈಗ ಆದೆಪ್ಪ ಒಳಗಿದ್ದಾರೆ. ಬಾಯಿಯ ಸುತ್ತ ಎರಡೂ ಓಣಿಯ ಜನ ನಿಂತಿದ್ದಾರೆ, ತುಟಿ ಬಿಚ್ಚದೆ. ಕೆಳಗಿನಿಂದ ಒಂದೇ ದನಿ: “ಹನ್ನೊಂದಾ… ಹನ್ನೆರಡಾ…” ತುಂಬಿದ ಪುಟ್ಟಿಗಳು ಮೇಲೇರುತ್ತವೆ. “ಹದಿಮೂರಾ…”

ದನಿ ನಿಲ್ಲುತ್ತದೆ.

ಹಂಪಣ್ಣ ಕನಕರಾಯರ ಮುಖ ನೋಡುತ್ತಾರೆ. “ಎಳೀ!” ಎಂಬ ಮಾತು ಇಬ್ಬರ ಬಾಯಿಂದಲೂ ಒಟ್ಟಿಗೇ ಬರುತ್ತದೆ. ಇಬ್ಬರೂ ಹಿಂದಕ್ಕೆ ಬಾಗಿ, ಒಬ್ಬರ ಹೆಗಲಿಗೆ ಒಬ್ಬರು ಆತು ಎಳೆಯುತ್ತಾರೆ. ಗದ್ದೆಮ್ಮ ಬಾಯಿಯ ಅಂಚಿಗೆ ಓಡಿ ಬಗ್ಗುತ್ತಾರೆ. ಧೂಳು ಮೆತ್ತಿದ ತಲೆ ಮೇಲೆ ಬರುತ್ತದೆ. ಕಣ್ಣು ತೆರೆದೇ ಇದೆ.

“ಯಾಕ ಎಳದ್ರ್ಯೋ ಮಾರಾಯ್ರಾ? ಕೆಮ್ಮು ಬಂದಿತ್ತು!”

“ಕೆಮ್ಮನ್ನೂ ಎಣಿಸಬೇಕೋ ಹುಚ್ಚಪ್ಪಾ!” ಎಂದು ಕನಕರಾಯ ಅಬ್ಬರಿಸುತ್ತಾರೆ. ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಎರಡು ವರ್ಷಗಳ ಮೇಲೆ ಎರಡು ಓಣಿಗಳು ಒಂದೇ ಮಾತಿಗೆ ನಗುತ್ತಿವೆ. ಆದೆಪ್ಪ ನೀರು ಕುಡಿದು ಮತ್ತೆ ಇಳಿಯುತ್ತಾರೆ. ಹದಿಮೂರರಿಂದಲೇ ಶುರು.

ಸಂಜೆಗೆ ಲೆಕ್ಕ ಮುಗಿಯುತ್ತದೆ. ಕೊಳೆತದ್ದು ನಾಲ್ಕು ಚೀಲ, ಉಳಿದದ್ದು ಮೂವತ್ತೆರಡು. ನೂರಮೂವತ್ತಕ್ಕೂ ಹೆಚ್ಚು ಎಕರೆಗೆ ಬೀಜ ಕಡಿಮೆ. ಅದನ್ನು ಎಲ್ಲರೂ ಸಮನಾಗಿ ಹೊರುವುದೆಂದು ನಿಂತಲ್ಲೇ ತೀರ್ಮಾನವಾಗುತ್ತದೆ. ನೀರು ಇಳಿದದ್ದು ಯಾರ ಮುದ್ರೆಯ ಕಡೆಯಿಂದ ಎಂದು ಯಾರೋ ಮಾತು ತೆಗೆಯುತ್ತಾರೆ. “ನಡುವಿಂದ,” ಎಂದು ಹಂಪಣ್ಣ ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ.

ಹಗೇವು ತೆರೆದವನಿಗೆ ಕಮಿಟಿ ಎಂಟು ಸೇರು ಜೋಳ ಕೊಡಬೇಕು. ಕಮಿಟಿ ಸೇರದೇ ಇದ್ದುದರಿಂದ ಅದೇ ರಾತ್ರಿ ಮೇಲಿನ ಓಣಿಯವರು ತಾವೇ ಎಂಟು ಸೇರು ಹೊತ್ತು ಆದೆಪ್ಪರ ಮನೆಗೆ ಬಂದರು. ಅದು ತಿಳಿದು ಕೆಳಗಿನ ಓಣಿಯವರೂ ಎಂಟು ಸೇರು ತಂದರು. ಆದೆಪ್ಪ ಎರಡನ್ನೂ ಮುಟ್ಟಲಿಲ್ಲ.

“ಕಮಿಟಿ ಕೂಡ್ಲಿ. ಒಂದ ಸೇರಿನಾಗ ಅಳದು ಕೊಡ್ಲಿ. ಅಲ್ಲೀತನಕ ಬಾಕಿ ನಿಮ್ಮ ಮ್ಯಾಲ ಇರ್ಲಿ.”

“ಒಲಿ ಅಲ್ಲೀತನಕ ಕಾಯ್ತೈತೇನು?” ಎಂದು ಗದ್ದೆಮ್ಮ ಒಳಗಿನಿಂದ ಕೇಳಿದರು.

ಬರುವ ಗುರುವಾರ ಕಮಿಟಿ ಸೇರಲಿದೆ. ಚರ್ಚೆಗೆ ಇಟ್ಟಿರುವ ವಿಷಯ ಒಂದೇ: ಎಂಟು ಸೇರು ಜೋಳ, ಬಾಕಿ.