ಏಳನೇ ಕ್ಲಾಸಿನ ಪಾರ್ಟಿಯಲ್ಲಿ ಟವೆಲ್ ವ್ಯಾಪಾರ

ಇಪ್ಪತ್ತಾರು ಮಕ್ಕಳ ಪಾರ್ಟಿಗೆ ನನಗೆ ಬಿದ್ದ ಖರ್ಚು ಆರುನೂರ ಎಂಬತ್ತು ರೂಪಾಯಿ. ಹೆಚ್ಚಿನ ಪಾಲು ಮಂಡಕ್ಕಿ, ಖಾರ, ಬಾಳೆಹಣ್ಣು, ಕೊಬ್ಬರಿ ಮಿಠಾಯಿಗೆ ಹೋಯಿತು. ಆಟಕ್ಕೆಂದು ಕೊಂಡದ್ದು ಒಂದು ಡಬ್ಬ ಬಣ್ಣದ ಸೀಮೆಸುಣ್ಣ ಮಾತ್ರ. ತಿಪಟೂರಿನಲ್ಲಿ ಇಂಥ ಪಾರ್ಟಿ ಮಾಡಿಸಿಕೊಡುವವನೊಬ್ಬ ಆರು ಸಾವಿರ ಕೇಳಿದ್ದ. ಮೂರೂವರೆಗೆ ಇಳಿಸಿದ್ದೆ. ಇನ್ನೊಂದು ಸಲ ಎದ್ದು ಬಾಗಿಲ ತನಕ ಹೋಗಿದ್ದರೆ ಮೂರಕ್ಕೂ ಬರುತ್ತಿದ್ದ. ಆದರೆ ಅವನ ಆಟಗಳ ಪಟ್ಟಿ ಕೇಳಿ ಕೈಬಿಟ್ಟೆ. ಕುರ್ಚಿ ಸುತ್ತ ಓಡುವುದು, ಕಾಲಿಗೆ ಬಲೂನ್ ಕಟ್ಟಿಕೊಂಡು ಒಡೆಯುವುದು, ಗೋಣಿಚೀಲದಲ್ಲಿ ಕುಪ್ಪಳಿಸುವುದು. ಎಲ್ಲದಕ್ಕೂ ಕಾಲಲ್ಲಿ ಕಸುವು ಬೇಕು. ನನ್ನ ಮಗಳು ಆ ಹೊತ್ತಿಗೆ ಶಾಲೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದಳು.

ಅವಳಿಗೆ ರಕ್ತದ ಕ್ಯಾನ್ಸರ್. ಐದನೇ ಕ್ಲಾಸಿನ ಕೊನೆಯಲ್ಲಿ ಗೊತ್ತಾಯಿತು. ಆಮೇಲೆ ಎರಡು ವರ್ಷ ಊರಿಗೂ ಆಸ್ಪತ್ರೆಗೂ ಓಡಾಡಿದೆವು. ಆ ಪಾರ್ಟಿಗೆ ಹತ್ತು ದಿನ ಮೊದಲು ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಔಷಧಿ ಇನ್ನು ಹಿಡಿಯುತ್ತಿಲ್ಲ ಎಂದರು. ಏನು ಕೇಳಬೇಕೆಂದು ತಿಳಿಯದೆ, ಶಾಲೆಯಲ್ಲಿ ಏಳನೇ ಕ್ಲಾಸಿನವರಿಗೆ ಬೀಳ್ಕೊಡುಗೆ ಇದೆ, ಕಳಿಸಬಹುದೇ ಎಂದು ಕೇಳಿದೆ. ಅದುವರೆಗೆ ಜನ ಸೇರುವ ಕಡೆ ಬೇಡ, ಹೊರಗಿನ ತಿಂಡಿ ಬೇಡ, ಹೂವನ್ನೂ ಹತ್ತಿರ ಇಡಬೇಡಿ ಎನ್ನುತ್ತಿದ್ದ ಮನುಷ್ಯ, "ಕರ್ಕೊಂಡು ಹೋಗಿ. ಮಾಸ್ಕ್ ಹಾಕಿ. ಅವಳಿಗೆ ಏನಿಷ್ಟವೋ ಮಾಡಲಿ" ಎಂದರು. ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಬಿಟ್ಟರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಗೆ, "ಮಾತ್ರೆ ಬದಲಾಯಿಸ್ತಾರಂತೆ" ಅಂದೆ. ಮಗಳಿಗೂ ಅದನ್ನೇ ಹೇಳಿದೆ. ಇಬ್ಬರೂ ನಂಬಿದರು, ಅಥವಾ ನಂಬಿದರು ಎಂದು ನಾನು ಅಂದುಕೊಂಡೆ. ಪಾರ್ಟಿಯೊಂದು ಮುಗಿಯಲಿ, ಆಮೇಲೆ ನೋಡಿಕೊಳ್ಳೋಣ ಎಂದು ಆ ಮಾತನ್ನು ಒಳಗೇ ಇಟ್ಟುಕೊಂಡೆ.

ಮಗಳದ್ದು ಒಂದೇ ಷರತ್ತು. "ಮೂಲೇಲಿ ಕೂತ್ಕೊಂಡು ಚಪ್ಪಾಳೆ ತಟ್ಟೋದಾದ್ರೆ ನಾನು ಬರಲ್ಲ. ಆಡೋದಾದ್ರೆ ಬತ್ತೀನಿ."

ನಾನು ಅವಳ ಕ್ಲಾಸಿನ ಮೇಡಂ ಹತ್ತಿರ ಹೋಗಿ, ಆಟಗಳೆಲ್ಲ ಕೂತು ಆಡುವಂಥವೇ ಇರಲಿ, ಆಟವನ್ನೂ ತಿಂಡಿಯನ್ನೂ ನನ್ನ ಖರ್ಚಿನಲ್ಲಿ ನಾನೇ ತರುತ್ತೇನೆ ಎಂದೆ.

"ಕೂತ್ಕೊಂಡಾ? ಏಳನೇ ಕ್ಲಾಸು ಕಣ್ರೀ ಇವು. ಐದು ನಿಮಿಷ ಒಂದು ಕಡೆ ಕೂರಲ್ಲ."

"ಕೂರಿಸ್ತೀನಿ ಬುಡಿ ಮೇಡಂ. ಕೂರದೆ ಇದ್ರೆ ಮಂಡಕ್ಕಿ ಕೊಡಲ್ಲ."

ಅಂಗಳದಲ್ಲಿ ಬೇಡ, ಬಿಸಿಲು ಎಂದು ಕ್ಲಾಸಿನ ಬೆಂಚುಗಳನ್ನು ಗೋಡೆಗೆ ಸರಿಸಿದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಚೌಕಾಬಾರದ ಮನೆ ಬರೆದೆ. ಕವಡೆಗೆ ಬದಲು ಹುಣಸೆಬೀಜ, ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಇನ್ನೊಂದು ಕಡೆ ತೆಂಗಿನ ಚಿಪ್ಪುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಪೇರಿಸುವ ಆಟ. ಚಿಪ್ಪು ನಮ್ಮ ಕಡೆ ದುಡ್ಡು ಕೊಟ್ಟು ತರುವ ವಸ್ತುವಲ್ಲ. ಮತ್ತೊಂದು ಕಡೆ ಕಣ್ಣು ಕಟ್ಟಿಕೊಂಡು ಮೂಸಿ ಹೇಳುವುದು: ಕಾಫಿಪುಡಿ, ಶುಂಠಿ, ವಿಭೂತಿ, ಸೀಗೆಪುಡಿ. ವಿಭೂತಿ ಮೂಸಿದ ಒಬ್ಬಳು "ನಮ್ಮಜ್ಜಿ!" ಎಂದು ಕೂಗಿದ್ದಕ್ಕೆ ಕ್ಲಾಸೆಲ್ಲ ಉರುಳಾಡಿ ನಕ್ಕಿತು. ನನ್ನ ಮಗಳು ಚಿಪ್ಪಿನ ಆಟದಲ್ಲಿ ಸೋತಳು, ಚೌಕಾಬಾರದಲ್ಲಿ ಗೆದ್ದಳು. ಸೋತಾಗಲೂ ಯಾರೂ ಅಯ್ಯೋ ಎನ್ನಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ.

ಕೊನೆಗೆ ಇಟ್ಟುಕೊಂಡಿದ್ದು ಟವೆಲ್ ವ್ಯಾಪಾರ. ನಾನು ಈಗ ತುರುವೇಕೆರೆ, ಅಮ್ಮಸಂದ್ರದ ಸುತ್ತ ತೋಟ ತಿರುಗಿ ಕಾಯಿ ಕೊಳ್ಳುವವನು. ಆದರೆ ಬದುಕು ಶುರು ಮಾಡಿದ್ದು ಕುರಿ ಸಂತೆಯಲ್ಲಿ, ದಲ್ಲಾಳಿಯಾಗಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ ಕೆಳಗೆ ಕೈ ಕೊಟ್ಟು, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಕಾಯಿ ವ್ಯಾಪಾರಕ್ಕೆ ಇಳಿದ ಮೇಲೂ ನಾನು ಕುರಿ ಸಂತೆ ಪೂರಾ ಬಿಟ್ಟಿರಲಿಲ್ಲ; ಮಗಳು ಕಾಯಿಲೆಗೆ ಮುಂಚೆ ರಜೆಯ ದಿನ ನನ್ನ ಜೊತೆ ಸಂತೆಗೆ ಬಂದು ಇದನ್ನೆಲ್ಲ ಕಲಿತಿದ್ದಳು. ಮಕ್ಕಳಿಗೆ ನಾನು ಸುಲಭ ಮಾಡಿದೆ. ಒಬ್ಬರ ಹತ್ತಿರ ಒಂದು ಉಂಡೆ ಕೊಬ್ಬರಿ, ಇನ್ನೊಬ್ಬರ ಹತ್ತಿರ ಹತ್ತು ಹುಣಸೆಬೀಜ. ಒಂದು ಬೆರಳು ಹಿಡಿದರೆ ಒಂದು ಬೀಜ, ಪೂರಾ ಕೈ ಹಿಡಿದರೆ ಐದು, ಎರಡು ಸಲ ಹಿಡಿದರೆ ಹತ್ತು. ಬೆಲೆ ಒಪ್ಪದಿದ್ದರೆ ಕೈ ಕೊಡವಬೇಕು. ಒಪ್ಪಿದವರು ಟವೆಲ್ ಎಳೆಯಬೇಕು. ಮಾತಾಡಿದವರು ಔಟು.

ಐದು ನಿಮಿಷ ಕೂರಲಾರದ ಮಕ್ಕಳು ಒಂದು ಗಂಟೆ ಕೂತವು.

"ಮಿಸ್, ಇವಳು ಕಚಗುಳಿ ಇಡ್ತಾವ್ಳೆ!"

"ಮಾತಾಡ್ದೆ, ನೀನು ಔಟು ಕಣೇ!"

ನನ್ನ ಮಗಳು ಸಾಲಾಗಿ ನಾಲ್ಕು ಜನರನ್ನು ಸುಲಿದಳು. ಹತ್ತು ಕೇಳಿದವರಿಂದ ನಾಲ್ಕಕ್ಕೆ ಕೊಂಡಳು, ಮೂರು ಕೊಡುತ್ತೇನೆಂದವರಿಗೆ ಎಂಟಕ್ಕೆ ಮಾರಿದಳು. ಸೋತ ಗೆಳತಿಯೊಬ್ಬಳಿಗೆ ತಡೆಯಲಾಗಲಿಲ್ಲ. "ಇವಳ ಮಾಸ್ಕ್ ತೆಗ್ಸಿ ಮಿಸ್, ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ."

"ತೆಗೆದ್ರೂ ನಿಂಗೆ ಗೊತ್ತಾಗಲ್ಲ ಹೋಗೇ" ಎಂದಳು ಮಗಳು.

ಅಷ್ಟರಲ್ಲಿ ಮಕ್ಕಳೆಲ್ಲ ಸೇರಿ, "ಅಂಕಲ್ ಜೊತೆ! ಅಂಕಲ್ ಜೊತೆ!" ಎಂದು ಕೂಗತೊಡಗಿದರು. ನಾನು ಕೊಬ್ಬರಿ ಹಿಡಿದು ಕೂತೆ, ಅವಳು ಬೀಜ ಎಣಿಸಿಕೊಂಡು ಎದುರಿಗೆ ಕೂತಳು. ಬೆನ್ನು ನೆಟ್ಟಗಾಗಿತ್ತು. ಎರಡು ವರ್ಷದಲ್ಲಿ ಅವಳನ್ನು ಹಾಗೆ ನೋಡಿರಲಿಲ್ಲ. ಟವೆಲ್ ಕೆಳಗೆ ಅವಳ ಕೈ ಎರಡು ಸಲ ಹಿಡಿದೆ: ಹತ್ತು. ಅವಳು ನನ್ನ ಎರಡು ಬೆರಳು ಹಿಡಿದಳು: ಎರಡು. ಸಂತೆಯಲ್ಲಿ ಯಾರಾದರೂ ಹಾಗೆ ಹಿಡಿದಿದ್ದರೆ ಕೈ ಕೊಡವಿ ಎದ್ದು ಹೋಗುತ್ತಿದ್ದೆ. ಅವಳ ಕೈ ಬಿಸಿಯಾಗಿತ್ತು. ಮೂಳೆ ಮೂಳೆ ಕೈಗೆ ಸಿಗುತ್ತಿತ್ತು. ಕೊಡವಲು ನನ್ನಿಂದ ಆಗಲಿಲ್ಲ. ಟವೆಲ್ ಎಳೆದು, "ಕೊಟ್ಟೆ!" ಎಂದೆ.

ಮಕ್ಕಳು ಕಿರುಚಿದರು, ಮೇಡಂ ಚಪ್ಪಾಳೆ ತಟ್ಟಿದರು. ಮಗಳು ನಗಲಿಲ್ಲ. ಎರಡು ಬೀಜ ನೆಲದ ಮೇಲಿಟ್ಟು ಕೊಬ್ಬರಿ ತೆಗೆದುಕೊಂಡಳು. ಆಮೇಲೆ ಯಾರು ಕರೆದರೂ ಆಡಲಿಲ್ಲ.

ಮನೆಗೆ ಹೊರಟಾಗ ಕಾಯಿ ತುಂಬುವ ಲಗೇಜ್ ಆಟೋದಲ್ಲಿ ನನ್ನ ಪಕ್ಕ ಕೂತಿದ್ದಳು. ಊರು ದಾಟಿದ ಮೇಲೆ ಕೇಳಿದಳು.

"ಅಪ್ಪಾಜಿ, ಎರಡಕ್ಕೇ ಯಾಕೆ ಕೊಟ್ಟೆ?"

"ನೀನು ಚೆನ್ನಾಗಿ ಆಡ್ದೆ ಅಂತ."

"ನಾನಿನ್ನೂ ಆಡೇ ಇರ್ಲಿಲ್ಲ."

ನಾನು ರಸ್ತೆ ನೋಡಿಕೊಂಡು ಓಡಿಸುತ್ತಿದ್ದೆ.

"ಚಿಕ್ಕನಾಯಕನಹಳ್ಳಿ ಸಂತೇಲಿ ಒಬ್ಬ ನೀನು ಹಿಡಿದ ಮೊದಲ್ನೇ ಬೆಲೆಗೇ ಕುರಿ ಕೊಡ್ತೀನಿ ಅಂದ. ನೀನು ಬೇಡ ಅಂತ ಎದ್ದು ಬಂದೆ. ಯಾಕೆ ಅಂದಿದ್ದಕ್ಕೆ ಏನು ಹೇಳಿದ್ದೆ ಗೊತ್ತಾ?"

ಗೊತ್ತಿತ್ತು.

"ಕುರಿ ಉಳೀತದೆ ಅನ್ನೋ ನಂಬ್ಕೆ ಇದ್ದೋನು ಅಷ್ಟು ಬೇಗ ಕೊಡಲ್ಲ ಅಂದಿದ್ದೆ." ಕೈಯಲ್ಲಿದ್ದ ಕೊಬ್ಬರಿಯನ್ನು ಮಡಿಲಿಗಿಟ್ಟುಕೊಂಡು, "ಡಾಕ್ಟ್ರು ಏನಂದ್ರು ನಿಂಗೆ?" ಎಂದಳು.

ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಸಿಮೆಂಟಿನ ಲಾರಿಯೊಂದು ದೂಳೆಬ್ಬಿಸಿ ಹೋಯಿತು. ಮೂವತ್ತು ವರ್ಷ ಜನರ ಮುಖ ನೋಡಿಕೊಂಡು, ನಷ್ಟ ನನಗೇ ಎಂದು ಸುಳ್ಳು ಹೇಳಿ ಬದುಕಿದ್ದೇನೆ. ಅವತ್ತು ಒಂದು ಸುಳ್ಳೂ ಬರಲಿಲ್ಲ.

"ಔಷಧಿ ಹಿಡೀತಿಲ್ವಂತೆ ಮಗಾ."

ಅವಳು ಎದುರಿನ ತೋಟದ ಕಡೆ ನೋಡಿದಳು. ಉಸಿರಿಗೆ ಮಾಸ್ಕ್ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ಹೇಳು. ನಂಗೆ ಹೇಳಕ್ಕಾಗಲ್ಲ." ಮಡಿಲಲ್ಲಿದ್ದ ಕೊಬ್ಬರಿಯನ್ನು ನನ್ನ ಕಡೆಯ ಸೀಟಿನ ಮೇಲಿಟ್ಟಳು. "ಇದನ್ನ ನೀನೇ ಇಟ್ಕೊ. ಇದು ವ್ಯಾಪಾರ ಅಲ್ಲ."

ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಚೊಂಬು ಕೆಳಗಿಡಲೇ ಇಲ್ಲ. "ಯಾವತ್ತು ಹೇಳಿದ್ರು?" ಎಂದಳು. ದಿನ ಹೇಳಿದೆ. "ಹತ್ತು ದಿನ ಆಯ್ತಲ್ರೀ. ಹತ್ತು ದಿನ ನಾನು ಅವಳಿಗೆ ಓದ್ಕೋ, ಬರ್ಕೋ, ನೋಟ್ಸು ತಗೋ ಅಂತ ಬೈಕೊಂಡು ತಿರುಗ್ದೆ. ಆ ಹತ್ತು ದಿನ ಕಿತ್ಕೊಂಡ್ರಲ್ಲಾ ನೀವು."

ಆಮೇಲಿನ ದಿನಗಳಲ್ಲಿ ಮಗಳ ಹಾಸಿಗೆಯ ಮೇಲೆ ಕೂತು ಮೂವರೂ ಟವೆಲ್ ಆಟ ಆಡುತ್ತಿದ್ದೆವು. ನಾನು ಒಂದು ಬೆರಳನ್ನೂ ಸುಮ್ಮನೆ ಬಿಟ್ಟುಕೊಡಲಿಲ್ಲ. ಅವಳು ನನ್ನನ್ನು ನಿಜವಾಗಿ ಸೋಲಿಸಿದ್ದು ಎಷ್ಟೋ ಸಲ. ಸೋಲಿಸಿದಾಗ ಹಿಂದಿನ ಹಾಗೆ, "ಸಂತೆಗೆ ಹೋಗ್ಬೇಡ ಅಪ್ಪಾಜಿ, ಪಂಚೇನೂ ಬಿಚ್ಕೊಂಡು ಕಳಿಸ್ತಾರೆ" ಎಂದು ರೇಗಿಸುತ್ತಿದ್ದಳು. ಕೊನೆಯ ವಾರ ಕೈಯಲ್ಲಿ ಹಿಡಿತ ಉಳಿಯಲಿಲ್ಲ. ಆಗ ನನ್ನ ಹೆಂಡತಿ ಟವೆಲ್ ಮಡಚಿಟ್ಟು ಅವಳ ಕೈಯನ್ನು ಹಾಗೇ ಹಿಡಿದುಕೊಂಡು ಕೂರುತ್ತಿದ್ದಳು. ಹೈಸ್ಕೂಲು ಶುರುವಾಗುವುದಕ್ಕೆ ಮೊದಲೇ ಮಗಳು ಹೋದಳು.

ಈಗಲೂ ಆ ಶಾಲೆಯವರು, ಬೇರೆ ಶಾಲೆಯವರೂ, ಕಡಿಮೆ ಖರ್ಚಿನಲ್ಲಿ ಪಾರ್ಟಿ ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಹೇಳುತ್ತೇನೆ, ನೀವೂ ಕೇಳಿ. ಬಾಡಿಗೆಗೆ ಏನೂ ತರಬೇಡಿ. ಹುಣಸೆಬೀಜ ಎರಡು ಹಿಡಿ ಹೆಚ್ಚಿಗೇ ಇರಲಿ, ಅರ್ಧ ಬೆಂಚಿನ ಕೆಳಗೆ ಹೋಗುತ್ತದೆ. ಟವೆಲ್ ದಪ್ಪನಾದದ್ದೇ ಇರಲಿ, ತೆಳುವಾದರೆ ಬೆರಳು ಕಾಣುತ್ತದೆ. ಮಂಡಕ್ಕಿಯನ್ನು ಆಟ ಮುಗಿದ ಮೇಲೆ ಕಲಸಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಬಹುಮಾನ ಎಲ್ಲರಿಗೂ ಒಂದೇ ಅಳತೆಯ ಮಿಠಾಯಿ ಸಾಕು. ಓಡಲಾರದ ಮಗು ಕ್ಲಾಸಿನಲ್ಲಿದ್ದರೆ ಆಟಗಳನ್ನೆಲ್ಲ ಕೂತು ಆಡುವಂಥವೇ ಮಾಡಿ, ಯಾರಿಗಾಗಿ ಮಾಡಿದಿರಿ ಎಂದು ಹೇಳಬೇಡಿ. ಆ ಮಗುವಿನ ಎದುರು ನೀವು ಆಡಲು ಕೂತರೆ ಬೇಕೆಂದೇ ಸೋಲಬೇಡಿ. ಮನೆಯಲ್ಲಿ ಹೇಳಬೇಕಾದದ್ದು ಏನಾದರೂ ಇದ್ದರೆ ಪಾರ್ಟಿಗೆ ಮೊದಲೇ, ತಾಯಿಗೂ ಮಗುವಿಗೂ, ಬಾಯಿಬಿಟ್ಟು ಹೇಳಿ. ಅಷ್ಟು ಧೈರ್ಯ ಬರದಿದ್ದರೆ ಆಟಕ್ಕೆ ಕೂರಲು ಹೋಗಬೇಡಿ, ಬಾಗಿಲ ಹತ್ತಿರ ನಿಂತು ಮಂಡಕ್ಕಿ ಹಂಚುವ ಕೆಲಸ ಇಟ್ಟುಕೊಳ್ಳಿ.