ಫರ್ಹತ್ ಕತ್ತರಿಸಿದ ಕೂಗು

ಡ್ರೋನ್ ಹಾರಿಸಿ ಬರೀ ಗುಡ್ಡ ತೋರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಕೆಳಗೆ ಬದುಕುವವರ ಮುಖ ತೋರಿಸಿ ಮಾರಾಯರೆ ಅಂದರೆ ಇವರಿಗೆ ಕೇಳಿಸುವುದಿಲ್ಲ. ಈ ವಿಷಯದಲ್ಲಿ ನನ್ನ ಮಾತಿಗೆ ಹೂಂಗುಟ್ಟುವವಳು ಕೊಟ್ಟಿಗೆಹಾರದ ಫರ್ಹತ್ ಒಬ್ಬಳೇ. ಅಣ್ಣ ಮುನವ್ವರನ ಜೀಪ್ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕುಳಿತು ಸುತ್ತಲಿನ ಊರುಗಳ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಎಡಿಟ್ ಮಾಡುವುದು ಅವಳ ಕೆಲಸ. ಕೆಳಗೆ ಸುತ್ತಿಗೆಯ ಏಟು ಬೀಳುತ್ತಿದ್ದರೆ ಮೇಲೆ ಇವಳು ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರದೋ ಮದುಮಗಳ ಜೊತೆ ತಾನೂ ಅಳುತ್ತಿರುತ್ತಾಳೆ.

ನಾನು ಬಾಳೂರಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ, ಕೊಯ್ಲಿನ ತೂಕ ಬರೆದುಕೊಳ್ಳುವ ಗುಮಾಸ್ತಿಕೆ. ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಹಕ್ಕಿಗಳ ವಿಡಿಯೊ ತೆಗೆಯುವ ಹುಚ್ಚು ಹತ್ತಿತು. ಅದನ್ನು ಜೋಡಿಸುವುದನ್ನು ಕಲಿಯಲು ಫರ್ಹತಳ ಹತ್ತಿರ ಹೋದೆ. ಮೊದಲ ದಿನವೇ ನನಗೆ ಮಂಗಳಾರತಿ ಆಯಿತು.

"ಇದೇನು ಸರ್, ಮೊಬೈಲಿಂದ್ಲೇ ನೇರ ಕಟ್ ಮಾಡಕ್ಕೆ ಹೊರಟಿದ್ದೀರಲ್ಲ? ಮೊದ್ಲು ಎರಡು ಕಡೆ ಕಾಪಿ ಇಡಿ. ಇಲ್ಲಿ ಗಾಳಿ ಬೀಸಿದ್ರೆ ಕರೆಂಟು ಹೋಗ್ತದೆ ಅಂತ ನಿಮ್ಗೆ ನಾನು ಹೇಳ್ಬೇಕಾ?"

ಆಮೇಲೆ ಒಂದೊಂದಾಗಿ ಬಂತು. ಹೆಸರಿಲ್ಲದ ಫೈಲನ್ನು ಅವಳು ಮುಟ್ಟುವುದಿಲ್ಲ. ಯಾವ ಊರು, ಯಾರ ಮನೆ, ಏನು ನಡೆಯಿತು, ಅಷ್ಟೂ ಹೆಸರಿನಲ್ಲೇ ಇರಬೇಕು. ಎಲ್ಲವನ್ನೂ ಕುಳಿತು ನೋಡಿ ಮುಗಿಸುವವರೆಗೆ ಕತ್ತರಿ ಹಾಕುವಂತಿಲ್ಲ. ಮಾತಿನ ಎಳೆ ಹಿಡಿದು ಮೊದಲು ಅದನ್ನು ಜೋಡಿಸಬೇಕು, ಚಿತ್ರ ಅದರ ಮೇಲೆ ಬರಬೇಕು. ಒಂದು ಚಿತ್ರ ಹೂವಿನ ಹಾಗೆ ಅರಳಿ, ಪುಟದ ಹಾಗೆ ಮಗುಚಿ ಇನ್ನೊಂದಾಗುವ ಕಸರತ್ತುಗಳೆಂದರೆ ನನಗೆ ಪ್ರಾಣ. ಅವಳು ಅದರಲ್ಲಿ ಒಂದನ್ನೂ ಉಳಿಸಲಿಲ್ಲ. ನಾನು ಮುಖ ಊದಿಸಿಕೊಂಡು ಮನೆಗೆ ಬಂದು ನೋಡಿದರೆ ನನ್ನ ಮಂಗಟ್ಟೆ ಹಕ್ಕಿ ಮೊದಲ ಸಲ ನಿಜವಾದ ಹಕ್ಕಿಯಂತೆ ಕಂಡಿತು. ಮರುದಿನ ಮತ್ತೆ ಹೋದೆ.

ಅವಳಿಗೂ ಒಂದು ಚಟವಿತ್ತು: ಸದ್ದು ತೊಳೆಯುವುದು. ಈ ಕಡೆ ಎಲ್ಲಿ ಕ್ಯಾಮೆರಾ ಇಟ್ಟರೂ ಜೀರುಂಡೆ, ಗುಡ್ಡ ಹತ್ತುವ ಜೀಪು, ಅದರ ಜೊತೆಗೆ ತೋಟದ ಹೆಂಗಸರ ಕೂ. ಕಾಫಿ ಕೊಯ್ಯುವಾಗ ಗಿಡಗಳ ಮಧ್ಯೆ ಪಕ್ಕದ ಸಾಲಿನವರೂ ಕಾಣುವುದಿಲ್ಲ. ಆಗ ಒಬ್ಬರು "ಕೂ" ಅನ್ನುತ್ತಾರೆ, ಕೇಳಿಸಿಕೊಂಡವರು ತಿರುಗಿ "ಕೂ" ಅನ್ನುತ್ತಾರೆ. ನಾನಿಲ್ಲಿದ್ದೇನೆ, ನೀನೆಲ್ಲಿದ್ದೀ? ಅಷ್ಟೇ ಅದರ ಅರ್ಥ. ರೂಢಿ ಎಷ್ಟೆಂದರೆ ಮದುವೆ ಮನೆಯಲ್ಲೂ ದೂರ ನಿಂತವರಿಗೆ ಕೂ ಹಾಕಿಯೇ ಕರೆಯುವುದು. ಫರ್ಹತ್ ಅದನ್ನೆಲ್ಲ ಗಲಾಟೆ ಎಂದು ಕತ್ತರಿಸಿ, ಮೇಲೊಂದು ಹಾಡು ಹಾಕಿಬಿಡುತ್ತಿದ್ದಳು. ಹೊರಗಿನಿಂದ ಬಂದವಳಾಗಿದ್ದರೆ ಆ ಕೂಗಿಗೆ ಬೆರಗಾಗಿ ಉಳಿಸಿಕೊಳ್ಳುತ್ತಿದ್ದಳೇನೋ. ಇವಳು ಹುಟ್ಟಿದಾಗಿನಿಂದ ಅದನ್ನು ಕೇಳಿದವಳು, ಅದಕ್ಕೇ ಅವಳ ಕಿವಿಗೆ ಅದು ಕರೆಯಾಗಿ ಕೇಳುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದಾಗ ಭವ್ಯಾ ಮೆಟ್ಟಿಲು ಹತ್ತಿ ಬಂದಳು. ನಮ್ಮ ಎಸ್ಟೇಟಿನಲ್ಲೇ ದುಡಿದ ಗುರುವಯ್ಯ ಮತ್ತು ಹುಚ್ಚಮ್ಮನ ಮಗಳು, ಮೂಡಿಗೆರೆಯಲ್ಲಿ ನರ್ಸ್. ಅವಳ ಮದುವೆಯ ವಿಡಿಯೊ ಮಾಡಿಕೊಟ್ಟವಳು ಫರ್ಹತ್ತೇ. ಈಗ ಭವ್ಯಾ ತುಂಬು ಬಸುರಿ, ಏದುಸಿರು ಬಿಡುತ್ತಿದ್ದಳು.

"ಅಕ್ಕ, ಅಮ್ಮಂಗೆ ಗಂಟಲ ಆಪರೇಶನ್ ಆಯ್ತು. ಜೀವ ಉಳೀತು, ದನಿ ಹೋಯ್ತು. ಇನ್ನು ಬರಲ್ಲಂತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೋಡೆ ಕಡೆ ತಿರುಗಿ ಕೂತ್ಬಿಟ್ಟಿದ್ದಾಳೆ. ಯಾರು ಬಂದ್ರೂ ಕೈ ಬೀಸಿ ಕಳಿಸ್ತಾಳೆ. ಫೋನಲ್ಲಿ ದಿನಾ ಮಾತಾಡ್ತಿದ್ವಿ, ಅದನ್ನ ರೆಕಾರ್ಡ್ ಮಾಡ್ಬೇಕು ಅಂತ ಯಾರಿಗೆ ಗೊತ್ತಿತ್ತು? ನನ್ನ ಮದ್ವೆ ವಿಡಿಯೊದಲ್ಲಿ ಎಲ್ಲಾದ್ರೂ ಅವಳ ದನಿ ಇದ್ಯಾ ನೋಡಿ ಅಕ್ಕ. ಹುಟ್ಟೋ ಮಗುವಿಗೆ ಒಂದು ಸಲ ಕೇಳಿಸ್ಬೇಕು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಈಗ ಕಂಪ್ಯೂಟರಲ್ಲೇ ಯಾರ ದನಿ ಬೇಕಾದ್ರೂ ಮಾಡ್ತಾರಂತಲ್ಲ," ಅಂದೆ. ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ ನಾನು ಬಾಯಿ ಮುಚ್ಚಿದೆ.

ಫರ್ಹತ್ ಮದುವೆಯ ವಿಡಿಯೊ ತೆರೆದಳು. ಹುಚ್ಚಮ್ಮ ಎಲ್ಲೆಲ್ಲೂ ಇದ್ದಳು, ಅವಳ ಬಾಯಿ ಆಡುತ್ತಲೇ ಇತ್ತು. ಕೇಳುತ್ತಿದ್ದುದು ಮಾತ್ರ ಹಾಡು.

"ನಾನೇ ಮುಚ್ಚಿಟ್ಟಿದ್ದೀನಲ್ಲ," ಅಂದಳು ಫರ್ಹತ್. ಅವಳ ಮುಖ ಸಣ್ಣದಾಗಿತ್ತು. ಆದರೆ ಕತ್ತರಿಸುವ ಮೊದಲಿನ ಮೂಲ ಫೈಲುಗಳನ್ನು ಅವಳು ಎಂದೂ ಅಳಿಸುವವಳಲ್ಲ. ಅಣ್ಣ ಹಳೆಯ ನಟ್ಟು ಬೋಲ್ಟು ಎಸೆಯದಂತೆ ಇವಳು ಹಳೆಯ ಫೈಲು ಎಸೆಯುವುದಿಲ್ಲ. ಡಿಸ್ಕ್ ತೆಗೆದು ಸಿಕ್ಕಿಸಿದಳು. ಪರದೆ ಆರಿಸಿ, ಕಣ್ಣು ಮುಚ್ಚಿ, ಬರೀ ಕಿವಿಯಲ್ಲಿ ಆ ಮದುವೆಯನ್ನು ಮೊದಲಿಂದ ಹುಡುಕಲು ಕುಳಿತಳು. ಬೇರೆ ಕೆಲಸವೆಲ್ಲ ಹಾಗೇ ಬಿದ್ದಿತ್ತು. ವಾಲಗದ ಅಬ್ಬರದಲ್ಲಿ ಹುಚ್ಚಮ್ಮನ ಮಾತು ಎಲ್ಲೂ ಬಿಡಿಯಾಗಿ ಕೇಳಲಿಲ್ಲ. ಕ್ಯಾಮೆರಾ ಹತ್ತಿರ ಹೋದಾಗಲೆಲ್ಲ ಆ ಪುಣ್ಯಾತ್ಗಿತ್ತಿ ನಾಚಿ ಸುಮ್ಮನಾಗಿದ್ದಳು. ನಾನು ಆಸೆ ಬಿಟ್ಟಿದ್ದೆ.

ಸಿಕ್ಕಿದ್ದು ಕ್ಯಾಮೆರಾದವನ ಮರೆವಿನಿಂದ. ವಾಲಗದವರು ಬರುವ ಮೊದಲು ಅವನು ಆಫ್ ಮಾಡದೆ ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ತಿಂಡಿಗೆ ಹೋಗಿದ್ದ. ಪರದೆ ಹಚ್ಚಿದರೆ ಓಡಾಡುವ ಕಾಲುಗಳಷ್ಟೇ. ಮನೆಯ ಹಿಂದಿನಿಂದ ಒಂದು ಉದ್ದನೆಯ "ಕೂ…". ಆಮೇಲೆ ಸ್ಪಷ್ಟವಾಗಿ ಹುಚ್ಚಮ್ಮ: "ಎಲ್ಲಿ ಹೋದ್ರಿ ಮಾರಾಯ್ರೆ? ಅನ್ನದ ಹಂಡೆ ಇಳಿಸ್ಬೇಕು, ಬನ್ನಿ!"

ಫರ್ಹತ್ ಹೆಡ್‌ಫೋನ್ ನನ್ನ ಕಿವಿಗಿಟ್ಟು ಅಳತೊಡಗಿದಳು. ಈ ಸಲ ಅವಳು ಏನನ್ನೂ ತೊಳೆಯಲಿಲ್ಲ. ಜೀರುಂಡೆಯ ಸದ್ದನ್ನೂ ಹಾಗೇ ಬಿಟ್ಟಳು.

ಮುನವ್ವರ್ ಭವ್ಯಾಳನ್ನೂ ಹತ್ತಿಸಿಕೊಂಡು ನಮ್ಮನ್ನು ಜೀಪಿನಲ್ಲಿ ಬಾಳೂರಿನ ಲೈನ್ ಮನೆಗೆ ಬಿಟ್ಟ. ಎಸ್ಟೇಟಿನವರು ಆಳುಗಳಿಗೆ ಸಾಲಾಗಿ ಕಟ್ಟಿಸಿದ ಮನೆಗಳು ಅವು, ಹಿಂಬಾಗಿಲು ತೆರೆದರೆ ಕಾಫಿ ತೋಟವೇ. ಹುಚ್ಚಮ್ಮ ಗೋಡೆಗೆ ಮುಖ ಮಾಡಿ ಚಾಪೆಯ ಮೇಲಿದ್ದಳು, ಕೊರಳಿಗೆ ಬಟ್ಟೆ ಸುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಇಡೀ ಇಳಿಜಾರಿಗೆ ಕೇಳುವಂತೆ ನನ್ನ ತೂಕದ ತಕ್ಕಡಿಗೆ ಬಯ್ಯುತ್ತಿದ್ದವಳು. ನೋಡಲಾಗಲಿಲ್ಲ. ಭವ್ಯಾ ವಿಷಯ ಹೇಳಿದರೆ ಬೇಡವೆಂದು ಕೈ ಬೀಸಿದಳು. ಫರ್ಹತ್ ಲ್ಯಾಪ್‌ಟಾಪನ್ನು ಚಾಪೆಯ ಅಂಚಿಗೆ ಇಟ್ಟು, ದನಿ ಏರಿಸಿ ಬಟನ್ ಒತ್ತಿದಳು.

"ಕೂ…"

ಹುಚ್ಚಮ್ಮ ತಟ್ಟನೆ ತಿರುಗಿದಳು. ಅಷ್ಟರಲ್ಲಿ ಮನೆಯ ಹಿಂದೆ, ಕಾಫಿ ಗಿಡಗಳ ಒಳಗಿನಿಂದ ಗಂಡಸಿನ ಗಟ್ಟಿ ದನಿ ಬಂತು. "ಕೂ…"

ಸೌದೆ ಮಾಡುತ್ತಿದ್ದ ಗುರುವಯ್ಯ. ಯೋಚಿಸಿ ಕೂಗಿದ್ದಲ್ಲ, ಬಾಯಿ ತಾನೇ ಕೂಗಿತ್ತು. ಮರುಕ್ಷಣ ಗಿಡಗಳನ್ನು ಸರಿಸಿಕೊಂಡು ಓಡಿಬಂದು, ಕೈಯಲ್ಲಿ ಕತ್ತಿ ಹಿಡಿದೇ ಹಿಂಬಾಗಿಲಲ್ಲಿ ನಿಂತ. ಹೆಂಡತಿಯ ಮುಖ ನೋಡಿದ, ಅವಳ ಕೊರಳಿನ ಬಟ್ಟೆ ನೋಡಿದ. ಲ್ಯಾಪ್‌ಟಾಪಿನಲ್ಲಿ ಇನ್ನೂ ಅವಳ ದನಿಯೇ ಓಡುತ್ತಿತ್ತು: ಎಲ್ಲಿ ಹೋದ್ರಿ ಮಾರಾಯ್ರೆ?

"ಬಂದೆ ಮಾರಾಯ್ತಿ," ಅಂದ ಗುರುವಯ್ಯ. "ಇಲ್ಲೇ ಇದ್ದೀನಲ್ಲ."

ಹುಚ್ಚಮ್ಮನ ಹೆಗಲು ಕುಲುಕಿದವು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಕೈಯೆತ್ತಿ ಗಂಡನಿಗೆ ತೋಟದ ಕಡೆ ತೋರಿಸಿದಳು. ಅವನಿಗೆ ಅರ್ಥವಾಯಿತು. ಕತ್ತಿಯನ್ನು ಹೊಸ್ತಿಲ ಮೇಲಿಟ್ಟು, ಕಣ್ಣೊರೆಸಿಕೊಂಡು, ತಿರುಗಿ ಕಾಫಿ ಗಿಡಗಳ ಒಳಗೆ ಇಳಿದು ಮರೆಯಾದ.

ಫರ್ಹತ್ ಬಟನ್ ಒತ್ತಲು ಕೈ ಚಾಚಿದಳು. ಹುಚ್ಚಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿ, ತಾನೇ ಒತ್ತಿದಳು.